ಭಂಗಿ ಬೀಜ ಅಡುಗೆಮನೆಗೆ ಬರಲಿ: ಕುಮಾವೂನಿನ ಚಟ್ನಿಯಿಂದ ಶುರು ಮಾಡಿ

ಅಲ್ಮೋಡಾ, ಪಿಥೋರಾಗಢ ಕಡೆಯ ದಿನಸಿ ಅಂಗಡಿಯಲ್ಲಿ ಭಾಂಗ್ ಬೀಜ (ಗಾಂಜಾ ಬರುವ ಭಂಗಿ ಗಿಡದ ಬೀಜ) ಕೊಡಿ ಅಂದರೆ ಜೀರಿಗೆ ತೂಗಿದಷ್ಟೇ ಸಲೀಸಾಗಿ ತೂಗಿ ಕೊಡುತ್ತಾರೆ. ಯಾರೂ ಹುಬ್ಬೇರಿಸುವುದಿಲ್ಲ. ಅದೇ ಮಾತನ್ನು ನಮ್ಮೂರಿನ ಅಂಗಡಿಯಲ್ಲಿ ಕೇಳಿ ನೋಡಿ. ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡುತ್ತಾರೆ.

ಉತ್ತರಾಖಂಡದ ಕುಮಾವೂನ್ ಬೆಟ್ಟಗಳಲ್ಲಿ ಈ ಬೀಜ ಚಟ್ನಿಗೆ, ಪಲ್ಯಕ್ಕೆ, ಉಪ್ಪಿಗೆ ತಲೆಮಾರುಗಳಿಂದ ಬೀಳುತ್ತಾ ಬಂದಿದೆ. ಗಿಡದ ನಾರಿನಿಂದ ಹಗ್ಗ, ಚೀಲ. ಬೀಜದಿಂದ ಅಡುಗೆ. ಹಳ್ಳಿಗಳಿಂದ ಜನ ಕೆಲಸ ಹುಡುಕಿ ಕೆಳಗಿಳಿದ ಹಾಗೆಲ್ಲ ಬೆಳೆಯುವುದೂ ಕಡಿಮೆಯಾಯಿತು, ಅರೆಯುವ ಕೈಗಳೂ ಕಡಿಮೆಯಾದವು. ಉತ್ತರಾಖಂಡದಲ್ಲಿ ವಲಸೆ ಎಷ್ಟು ದೊಡ್ಡ ಸಂಗತಿ ಅಂದರೆ, ಅದನ್ನು ನೋಡಿಕೊಳ್ಳಲೆಂದೇ ಸರ್ಕಾರ 2017ರಲ್ಲಿ ಒಂದು ಪಲಾಯನ ಆಯೋಗ ಮಾಡಿತು. ಈಗ ಭಂಗಿ ಬೀಜ ಮತ್ತೆ ಸುದ್ದಿಯಲ್ಲಿದೆ. ಆದರೆ ಬರುತ್ತಿರುವುದು ಹೆಚ್ಚಾಗಿ ಪ್ರೊಟೀನ್ ಪುಡಿಯ ಡಬ್ಬಿಯಾಗಿ, ಸೂಪರ್‌ಫುಡ್ ಅನ್ನೋ ಹೆಸರಲ್ಲಿ. ಡಬ್ಬಿ ಬಂದ ಮಾತ್ರಕ್ಕೆ ಒಂದು ಅಡುಗೆ ಉಳಿಯುವುದಿಲ್ಲ. ಅದು ಉಳಿಯಬೇಕಾದರೆ ಬೀಜವನ್ನು ಹುರಿದು ಅರೆಯುವ ವಿದ್ಯೆ ಉಳಿಯಬೇಕು. ಹಾಗಾಗಿ ಇಲ್ಲಿರುವುದೆಲ್ಲ ಪಹಾಡಿ, ಅಂದರೆ ಬೆಟ್ಟದವರ ಕ್ರಮ, ನಮ್ಮ ಒಲೆ ಮಿಕ್ಸಿಗೆ ಹೊಂದುವ ಹಾಗೆ.

ಒಂದು ಮಾತು ಮೊದಲೇ. ಇದು ಕರ್ನಾಟಕದ ಹಳೆಯ ಅಡುಗೆ ಅಂತ ನಾನು ಹೇಳುತ್ತಿಲ್ಲ. ಆದರೆ ಹುಚ್ಚೆಳ್ಳು, ಅಗಸೆ ಹುರಿದು ಪುಡಿ ಮಾಡುವ ನಮಗೆ ಈ ಕೆಲಸ ಹೊಸದೂ ಅಲ್ಲ. ಕುಮಾವೂನಿನವರ ಮಂಡುವಾ ರೊಟ್ಟಿ ಅಂದರೆ ನಮ್ಮ ರಾಗಿ ರೊಟ್ಟಿ. ಅವರ ಗಹತ್ ಅಂದರೆ ನಮ್ಮ ಹುರುಳಿ. ತಟ್ಟೆ ಅರ್ಧ ಪರಿಚಿತವೇ, ಅಲ್ವಾ?

ಅಮಲು ಏರುತ್ತಾ? ಪೊಲೀಸ್ ಬರ್ತಾರಾ?

ಎಲ್ಲರೂ ಕೇಳುವ ಪ್ರಶ್ನೆಗಳು ಇವೆರಡೇ. ಮೊದಲು ಇವನ್ನು ಮುಗಿಸೋಣ.

ಅಮಲು ತರುವ ಟಿಎಚ್‌ಸಿ ಅನ್ನುವ ವಸ್ತು ಈ ಗಿಡದ ಹೂವಿನ ತೆನೆಯಲ್ಲಿ, ಅದರ ಸುತ್ತಲಿನ ಚಿಕ್ಕ ಎಲೆಗಳಲ್ಲಿ ಇರುವ ಅಂಟಾದ ರೋಮಗಳಲ್ಲಿ ತಯಾರಾಗುತ್ತದೆ. ಬೀಜದೊಳಗೆ ಅಲ್ಲ. ಒಕ್ಕುವಾಗ ಬೀಜದ ಹೊರಸಿಪ್ಪೆಗೆ ಅಂಟು ಸ್ವಲ್ಪ ಮೆತ್ತಿಕೊಂಡಿರಬಹುದು, ಅಷ್ಟೆ. ಚೆನ್ನಾಗಿ ಶುಚಿ ಮಾಡಿದ ಬೀಜದ ಚಟ್ನಿ ತಿಂದರೆ ಏನೂ ಏರುವುದಿಲ್ಲ. ಕುಮಾವೂನಿನಲ್ಲಿ ಮಕ್ಕಳು ಮುದುಕರೆಲ್ಲ ತಿನ್ನುತ್ತಾರೆ. ಹೋಳಿಯಲ್ಲಿ, ಶಿವರಾತ್ರಿಯಲ್ಲಿ ಉತ್ತರದ ಕಡೆ ಕುಡಿಯುವ ಭಂಗಿಯೇ ಬೇರೆ. ಅದು ಎಲೆ ಅರೆದು ಮಾಡಿದ್ದು. ಈ ಲೇಖನದಲ್ಲಿ ಎಲೆಗೆ ಜಾಗವಿಲ್ಲ.

ಕಾನೂನಿನ ವಿಷಯ. ಮಾದಕ ವಸ್ತುಗಳ ಬಗ್ಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅಂದರೆ ಏನು ಅಂತ ಹೇಳುವಾಗ ಹೂ ಅಥವಾ ಕಾಯಿ ಬಿಟ್ಟ ತೆನೆಯನ್ನು ಹೆಸರಿಸುತ್ತದೆ. ತೆನೆಯ ಜೊತೆಗಿಲ್ಲದ ಬೀಜ ಮತ್ತು ಎಲೆಯನ್ನು ಅದರಿಂದ ಹೊರಗಿಡುತ್ತದೆ. 2018ರಲ್ಲಿ ಉತ್ತರಾಖಂಡ ಸರ್ಕಾರ ಪರವಾನಗಿ ಕೊಟ್ಟು ಕೈಗಾರಿಕೆಗೆ ಬೇಕಾದ ಭಂಗಿ ಬೆಳೆಯಲು ಬಿಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಆಮೇಲೆ 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಭಂಗಿ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟು ಮೂರನ್ನೂ ಆಹಾರ ಅಂತ ಒಪ್ಪಿಕೊಂಡಿತು. ಟಿಎಚ್‌ಸಿ ಬೀಜದಲ್ಲಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ ಕಿಲೋಗೆ 10 ಮಿಲಿಗ್ರಾಂ ಮೀರಬಾರದು ಅಂತ ಮಿತಿಯನ್ನೂ ಹಾಕಿತು.

ಬೀಜ ಕೊಂಡು ಅಡುಗೆ ಮಾಡುವುದು ತಪ್ಪಲ್ಲ. ಆದರೆ ಉಳಿದ ನಾಲ್ಕು ಬೀಜವನ್ನು ಸುಮ್ನೆ ಕುಂಡಕ್ಕೆ ಹಾಕಿ ನೋಡೋಣ ಅನ್ನುವ ಕುತೂಹಲ ಮಾತ್ರ ಬೇಡ. ಪರವಾನಗಿ ಇಲ್ಲದೆ ಗಿಡ ಬೆಳೆಸುವುದು ಅಪರಾಧ. ಒಂದೇ ಗಿಡ ಅನ್ನುವುದು ನೆಪ ಆಗುವುದಿಲ್ಲ. ಇದೇ ಕಾರಣಕ್ಕೆ ಹೆಸರುಕಾಳಿನ ಹಾಗೆ ಮೊಳಕೆ ಕಟ್ಟಿಸುವ ಯೋಚನೆಯನ್ನೂ ಬಿಡಿ.

ಹಂತ 1: ಸರಿಯಾದ ಬೀಜ ಕೊಳ್ಳಿ

ನಮಗೆ ಬೇಕಾದ್ದು ಸಿಪ್ಪೆ ಸಹಿತದ ಇಡೀ ಬೀಜ. ನೋಡಲು ಬೂದುಗಂದು, ಮೇಲೆ ಜಾಲರಿಯಂಥ ಗೆರೆಗಳು, ಹೊಳಪು. ಕೊತ್ತಂಬರಿ ಬೀಜಕ್ಕಿಂತ ಸ್ವಲ್ಪ ಚಿಕ್ಕದು. ಕಚ್ಚಿದರೆ ಕಟುಕ್ ಅಂತ ಒಡೆದು ಒಳಗೆ ಬಿಳಿ ತಿರುಳು ಕಾಣಬೇಕು.

ಸಿಪ್ಪೆ ತೆಗೆದ ತಿರುಳೂ ಮಾರಾಟಕ್ಕಿದೆ. ಹೆಂಪ್ ಹಾರ್ಟ್ಸ್ ಅಂತ ಬರೆದಿರುತ್ತಾರೆ. ಮೆತ್ತಗೆ, ಬಿಳಿ ಹಸಿರು ಬಣ್ಣ. ಸಲಾಡಿಗೆ, ಗಂಜಿಗೆ ಉದುರಿಸಿಕೊಳ್ಳಲು ಪರವಾಗಿಲ್ಲ. ಆದರೆ ಪಹಾಡಿ ಚಟ್ನಿಯ ರುಚಿ ಇರುವುದೇ ಹುರಿದ ಸಿಪ್ಪೆಯಲ್ಲಿ. ತಿರುಳಿನ ಬೆಲೆಯೂ ಜಾಸ್ತಿ. ಮೊದಲ ಸಲಕ್ಕೆ ಇಡೀ ಬೀಜವನ್ನೇ 200 ಗ್ರಾಂ ತನ್ನಿ, ಸಾಕು.

ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಯ ಸಂಖ್ಯೆ ಇದೆಯಾ ನೋಡಿ. ಪ್ಯಾಕ್ ಮಾಡಿದ ತಿಂಗಳು ನೋಡಿ. ಆನ್‌ಲೈನಿನಲ್ಲಿ ಹುಡುಕುವಾಗ ಮೂರು ಕಡೆ ಎಡವುವ ಸಾಧ್ಯತೆ ಇದೆ.

ಹಕ್ಕಿ ಆಹಾರ ಅಂತ ಮಾರುವ ಭಂಗಿ ಬೀಜ ಅಗ್ಗಕ್ಕೆ ಸಿಗುತ್ತದೆ. ಅದನ್ನು ತಿನ್ನಬೇಡಿ. ಮನುಷ್ಯರಿಗೆ ಅಂತ ಶುಚಿ ಮಾಡಿದ್ದಲ್ಲ, ಪರೀಕ್ಷೆ ಮಾಡಿದ್ದೂ ಅಲ್ಲ.

ಎರಡನೆಯದು ಭಂಗ್‌ಜೀರಾ. ಹೆಸರು ಕೇಳಿದರೆ ಇದೇ ಇರಬೇಕು ಅನಿಸುತ್ತದೆ. ಅದು ಪೆರಿಲ್ಲಾ ಅನ್ನುವ ಬೇರೆಯದೇ ಗಿಡದ ಬೀಜ, ತುಳಸಿ ಪುದೀನದ ಕುಟುಂಬದ್ದು. ಉತ್ತರಾಖಂಡದ ಇನ್ನೊಂದು ಭಾಗವಾದ ಗಢ್ವಾಲದಲ್ಲಿ ಅದರದ್ದೂ ಚಟ್ನಿ ಮಾಡುತ್ತಾರೆ, ಚೆನ್ನಾಗಿಯೇ ಇರುತ್ತದೆ. ಆದರೆ ನಾವು ಮಾಡಲು ಹೊರಟಿರುವುದು ಅದಲ್ಲ.

ಮೂರನೆಯದು ಔಷಧಿ ಅಂತ ಮಾರುವ ಭಂಗಿ ಎಲೆಯ ಪುಡಿ, ಸಾರ, ತೈಲ. ಇವುಗಳ ನಿಯಮವೇ ಬೇರೆ, ಪರಿಣಾಮವೇ ಬೇರೆ. ಅಡುಗೆಗೆ ಸಂಬಂಧ ಇಲ್ಲ.

ಉತ್ತರಾಖಂಡದ ಕಡೆ ಪ್ರವಾಸ ಹೋಗುವವರು ಹಲ್ದ್ವಾನಿ, ಅಲ್ಮೋಡಾ ಪೇಟೆಯಲ್ಲಿ ತರಬಹುದು. ಅಲ್ಲಿ ಬಿಡಿಯಾಗಿ ಸಿಗುವ ಬೀಜದಲ್ಲಿ ಕಡ್ಡಿ, ಎಲೆಚೂರು, ಕಲ್ಲು ಇರುತ್ತವೆ. ಮುಂದಿನ ಹಂತ ಅಂಥ ಬೀಜಕ್ಕೆ ಬಹಳ ಮುಖ್ಯ.

ಹಂತ 2: ಆರಿಸಿ, ತೊಳೆದು, ಒಣಗಿಸಿ

ಬೀಜವನ್ನು ಮೊರದಲ್ಲಿ ಹರಡಿ ಕೇರಿ. ಎಲೆಚೂರು, ಒಣ ಹೂವಿನ ಪುಡಿ ಹಾರಿಹೋಗಬೇಕು. ಟಿಎಚ್‌ಸಿ ಇದ್ದರೆ ಹೆಚ್ಚಾಗಿ ಈ ಚೂರಿನಲ್ಲೇ. ಹಾಗಾಗಿ ಇದು ಬರೀ ಕಸ ತೆಗೆಯುವ ಕೆಲಸ ಅಲ್ಲ.

ಆಮೇಲೆ ಅಗಲ ಪಾತ್ರೆಯಲ್ಲಿ ನೀರು ಹಾಕಿ ಬೀಜ ಸುರಿಯಿರಿ. ಮೊದಲು ಬಹುಪಾಲು ಬೀಜ ತೇಲುತ್ತದೆ. ಗಾಬರಿಯಾಗಿ ಚೆಲ್ಲಬೇಡಿ. ಕೈಯಲ್ಲಿ ತಿಕ್ಕಿ ಕಲಸಿ ಕೆಲವು ನಿಮಿಷ ಬಿಟ್ಟರೆ ಗಟ್ಟಿ ಬೀಜ ಕೆಳಗಿಳಿಯುತ್ತದೆ. ಜೊಳ್ಳು ಮೇಲೇ ಉಳಿಯುತ್ತದೆ. ಜೊಳ್ಳನ್ನು ಬಸಿದು ಹಾಕಿ. ಕಲ್ಲು ಇದ್ದರೆ ಅಕ್ಕಿ ಜಾಲಿಸುವ ಹಾಗೆ ಜಾಲಿಸಿ ಬೀಜವನ್ನು ಮೇಲೆ ಮೇಲೆ ಎತ್ತಿಕೊಳ್ಳಿ. ನೀರು ತಿಳಿಯಾಗುವವರೆಗೆ ಬದಲಿಸಿ.

ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಒಂದು ದಿನದ ಬಿಸಿಲು ಬೇಕೇ ಬೇಕು. ಒದ್ದೆ ಬೀಜ ಬಾಣಲೆಗೆ ಹಾಕಿದರೆ ಹೊರಗೆ ಬೇಯುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಶುಚಿ ಮಾಡಿ ಪೊಟ್ಟಣ ಕಟ್ಟಿದ ಬೀಜಕ್ಕೆ ಇಷ್ಟೆಲ್ಲ ಬೇಡ. ಒಮ್ಮೆ ಕಣ್ಣಾಡಿಸಿದರೆ ಆಯಿತು.

ಹಂತ 3: ಹುರಿಯುವುದು

ಎಲ್ಲವೂ ನಿಂತಿರುವುದು ಇಲ್ಲಿ. ಕಬ್ಬಿಣದ ಬಾಣಲೆ ಇದ್ದರೆ ಒಳ್ಳೆಯದು. ಎಣ್ಣೆ ಬೇಡ. ಬಾಣಲೆ ಬಿಸಿಯಾದ ಮೇಲೆ ಉರಿ ಸಣ್ಣ ಮಾಡಿ, ಬೀಜ ಹಾಕಿ, ಕೈ ಬಿಡದೆ ಆಡಿಸುತ್ತಿರಿ. ಒಂದೆರಡು ನಿಮಿಷಕ್ಕೆ ಚಟಪಟ ಶುರುವಾಗುತ್ತದೆ. ಕೆಲವು ಬೀಜ ಹೊರಗೆ ಸಿಡಿಯುತ್ತವೆ, ಅರ್ಧ ಮುಚ್ಚಳ ಹಿಡಿದುಕೊಳ್ಳಿ. ಬಣ್ಣ ನೋಡಿ ಹದ ತಿಳಿಯುವುದು ಕಷ್ಟ, ಬೀಜ ಮೊದಲೇ ಕಂದು. ಮೂಗು ನಂಬಿ. ಹಸಿ ಹುಲ್ಲಿನ ವಾಸನೆ ಹೋಗಿ ಕಡಲೆಕಾಯಿ ಹುರಿದಂಥ ಘಮ ಬಂದಾಗ ಒಂದು ಬೀಜ ತೆಗೆದು, ಆರಿಸಿ, ಕಚ್ಚಿ. ಗರಿಗರಿಯಾಗಿ ಪುಡಿಯಾದರೆ ಆಯಿತು. ಒಟ್ಟು ಮೂರರಿಂದ ಐದು ನಿಮಿಷ.

ಒಲೆ ಆರಿಸಿ ಬಾಣಲೆಯಲ್ಲೇ ಬಿಡಬೇಡಿ. ಬಿಸಿ ಕಬ್ಬಿಣ ಹುರಿಯುತ್ತಲೇ ಇರುತ್ತದೆ. ತಟ್ಟೆಗೆ ಸುರಿದು ಹರಡಿ. ಈ ಬೀಜದಲ್ಲಿ ಮೂರನೇ ಒಂದು ಭಾಗದಷ್ಟು ಎಣ್ಣೆಯೇ ಇದೆ. ಜಾಸ್ತಿ ಹುರಿದರೆ ಅದು ಸುಟ್ಟು ಕಹಿಯಾಗುತ್ತದೆ. ಆ ಕಹಿ ನಿಂಬೆಗೂ ಬಗ್ಗುವುದಿಲ್ಲ, ಬೆಲ್ಲಕ್ಕೂ ಬಗ್ಗುವುದಿಲ್ಲ.

ಹಂತ 4: ಅರೆಯುವುದು

ಬೆಟ್ಟದ ಮನೆಗಳಲ್ಲಿ ಇದಕ್ಕೆ ಸಿಲ್‌ಬಟ್ಟಾ, ಅಂದರೆ ಚಪ್ಪಟೆ ಅರೆಕಲ್ಲು. ನಿಮ್ಮಲ್ಲಿ ಕಲ್ಲಿದ್ದರೆ ಅದರಲ್ಲೇ ಮಾಡಿ. ಕಲ್ಲು ಸಿಪ್ಪೆಯನ್ನು ಉಜ್ಜಿ ನಯ ಮಾಡುತ್ತದೆ. ಮಿಕ್ಸಿಯ ಬ್ಲೇಡು ಬರೀ ಕತ್ತರಿಸುತ್ತದೆ. ಹಾಗಾಗಿ ಮಿಕ್ಸಿ ಚಟ್ನಿಯಲ್ಲಿ ಸಿಪ್ಪೆ ಹಲ್ಲಿಗೆ ಸಿಗುತ್ತದೆ.

ಮಿಕ್ಸಿಯೇ ಗತಿ ಅಂದರೆ ಹೀಗೆ ಮಾಡಿ. ಬೀಜ ಪೂರ್ತಿ ಆರಿರಲಿ. ಚಿಕ್ಕ ಜಾರಿಗೆ ಒಣಗೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಜಾರಿನ ತಳಕ್ಕೆ ಮೆತ್ತಿಕೊಳ್ಳುತ್ತದೆ. ಪುಡಿಯಾದ ಮೇಲೆ ಹಿಟ್ಟಿನ ಜರಡಿ ಹಿಡಿಯಿರಿ. ಮೇಲೆ ಉಳಿದ ತರಿಯನ್ನು ಮತ್ತೊಮ್ಮೆ ತಿರುಗಿಸಿ, ಮತ್ತೆ ಜರಡಿ ಹಿಡಿಯಿರಿ. ಎರಡನೇ ಸಲವೂ ಉಳಿಯುವ ಸಿಪ್ಪೆಯನ್ನು ಎಸೆಯಬೇಡಿ, ರಾಗಿ ರೊಟ್ಟಿಯ ಹಿಟ್ಟಿಗೆ ಕಲಸಿ. ಒಳ್ಳೆ ನಾರಿನಂಶ.

ಸಾಂಬಾರಿಗೆ, ಪಲ್ಯಕ್ಕೆ ಬೇಕಾದರೆ ಇನ್ನೊಂದು ದಾರಿ. ಹುರಿದ ಬೀಜಕ್ಕೆ ನೀರು ಹಾಕಿ ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುವುದು. ತೆಂಗಿನಹಾಲು ತೆಗೆದು ರೂಢಿಯಿರುವ ಕರಾವಳಿಯವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ.

ಭಾಂಗ್ ಚಟ್ನಿ

ನಾಲ್ಕು ಜನಕ್ಕೆ: ಭಂಗಿ ಬೀಜ 4 ದೊಡ್ಡ ಚಮಚ, ಜೀರಿಗೆ 1 ಚಿಕ್ಕ ಚಮಚ, ಒಣಮೆಣಸಿನಕಾಯಿ 2, ಹಸಿಮೆಣಸಿನಕಾಯಿ 2, ಕೊತ್ತಂಬರಿ ಸೊಪ್ಪು ಒಂದು ಸಣ್ಣ ಹಿಡಿ, ನಿಂಬೆಹಣ್ಣು 2, ಉಪ್ಪು. ಬೆಳ್ಳುಳ್ಳಿ, ಪುದೀನ ಹಾಕುವ ಮನೆಗಳೂ ಇವೆ, ಹಾಕದ ಮನೆಗಳೂ ಇವೆ.

ಬೀಜವನ್ನು ಮೇಲೆ ಹೇಳಿದ ಹಾಗೆ ಹುರಿಯಿರಿ. ಅದೇ ಬಾಣಲೆಯ ಕಾವಿನಲ್ಲಿ ಜೀರಿಗೆ, ಒಣಮೆಣಸಿನಕಾಯಿ ಬಾಡಿಸಿ. ಆರಿದ ಮೇಲೆ ಮೂರನ್ನೂ ಒಣಪುಡಿ ಮಾಡಿ ಜರಡಿ ಹಿಡಿಯಿರಿ. ಈ ಪುಡಿಗೆ ಹಸಿಮೆಣಸು, ಸೊಪ್ಪು, ಉಪ್ಪು ಸೇರಿಸಿ, ಎರಡು ಮೂರು ಚಮಚ ನೀರು ಚಿಮುಕಿಸಿ ಮತ್ತೆ ಅರೆಯಿರಿ. ನೀರನ್ನು ಒಮ್ಮೆಗೇ ಸುರಿಯಬೇಡಿ. ಅರೆದಂತೆ ಬೀಜದ ಎಣ್ಣೆ ಬಿಟ್ಟು ಚಟ್ನಿ ತಾನಾಗೇ ಕೆನೆಯ ಹಾಗೆ ಆಗುತ್ತದೆ. ನಿಂಬೆರಸ ಕೊನೆಗೆ, ಕೈಯಿಂದ ಕಲಸಿ. ಹುಳಿ ಮುಂದಿರಬೇಕು, ಖಾರ ಹಿಂದೆ ಬರಬೇಕು. ಬೇಕಾದರೆ ಚೂರು ಬೆಲ್ಲ. ಕಾಲು ಗಂಟೆ ಬಿಟ್ಟು ತಿನ್ನಿ, ಅಷ್ಟರಲ್ಲಿ ಇನ್ನೂ ಸ್ವಲ್ಪ ಗಟ್ಟಿಯಾಗಿರುತ್ತದೆ. ಒಗ್ಗರಣೆ ಬೇಡ. ನಮ್ಮ ಕೈ ಸುಮ್ನಿರದೆ ಸಾಸಿವೆ ಡಬ್ಬಿಯ ಕಡೆ ಹೋಗುತ್ತದೆ, ತಡೆಯಿರಿ.

ಸೊಪ್ಪು ಜಾಸ್ತಿಯಾದರೆ ಅದು ಬರೀ ಕೊತ್ತಂಬರಿ ಚಟ್ನಿ. ಬಣ್ಣ ಬೂದಿ ಮಿಶ್ರಿತ ತಿಳಿ ಹಸಿರು ಇರಲಿ. ಪೇಟೆಯ ಕೆಲವು ಹೋಟೆಲುಗಳಲ್ಲಿ ಕಡು ಹಸಿರು ಚಟ್ನಿ ಕೊಟ್ಟು ಭಾಂಗ್ ಚಟ್ನಿ ಅನ್ನುತ್ತಾರೆ. ಬೀಜ ಎಷ್ಟಿದೆ ಅಂತ ಹುಡುಕಬೇಕು.

ಇದರ ಜೋಡಿ ಆಲೂ ಕೇ ಗುಟ್ಕೆ. ಬೇಯಿಸಿದ ಆಲೂಗಡ್ಡೆ ಹೋಳುಗಳನ್ನು ಸಾಸಿವೆ ಎಣ್ಣೆಯಲ್ಲಿ ಅರಿಶಿನ, ಖಾರದ ಪುಡಿ, ಕೊತ್ತಂಬರಿ ಪುಡಿ ಹಾಕಿ ಹುರಿದ ಪಲ್ಯ. ಒಗ್ಗರಣೆಗೆ ಅಲ್ಲಿ ಜಖಿಯಾ ಅನ್ನುವ ಸಣ್ಣ ಕಪ್ಪು ಬೀಜ ಹಾಕುತ್ತಾರೆ. ಅದು ನಮ್ಮ ಹೊಲದ ಬದುವಿನಲ್ಲಿ ಕಳೆಯಾಗಿ ಬೆಳೆಯುವ ನಾಯಿಸಾಸಿವೆ ಗಿಡದ ಬೀಜ. ನಾವು ಕಿತ್ತೆಸೆಯುವುದನ್ನು ಅವರು ಪೊಟ್ಟಣ ಕಟ್ಟಿ ಮಾರುತ್ತಾರೆ! ಅದಿಲ್ಲದಿದ್ದರೆ ಜೀರಿಗೆಯೇ ಸಾಕು. ನಮ್ಮ ಮನೆಯಲ್ಲಿ ಈ ಚಟ್ನಿ ಹೆಚ್ಚು ಖರ್ಚಾಗುವುದು ಬಿಸಿ ರಾಗಿ ರೊಟ್ಟಿ, ಬೆಣ್ಣೆಯ ಜೊತೆ.

ಪಿಸ್ಯೂ ಲೂಣ್, ಅಂದರೆ ಅರೆದ ಉಪ್ಪು

ಇದು ಸೋಮಾರಿಗಳ ಪಾಲಿನ ವರ. ಹುರಿದ ಬೀಜ 3 ಚಮಚ, ಕಲ್ಲುಪ್ಪು 3 ಚಮಚ, ಬೆಳ್ಳುಳ್ಳಿ ಐದಾರು ಎಸಳು, ಹಸಿಮೆಣಸಿನಕಾಯಿ 2, ಜೀರಿಗೆ ಅರ್ಧ ಚಮಚ. ನೀರು ಹಾಕದೆ ಕಲ್ಲಿನಲ್ಲಿ ಅಥವಾ ಕುಟ್ಟಾಣಿಯಲ್ಲಿ ಜಜ್ಜಿ ಅರೆಯಿರಿ. ಸೌತೆಕಾಯಿ, ಸೀಬೆಕಾಯಿ, ಕಿತ್ತಳೆ, ಮೂಲಂಗಿ, ಯಾವುದಕ್ಕಾದರೂ ಹಚ್ಚಿ ತಿನ್ನಿ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಬೆಳ್ಳುಳ್ಳಿ, ಹಸಿಮೆಣಸು ಬಿಟ್ಟು ಒಣಮೆಣಸಿನಕಾಯಿ ಹಾಕಿದರೆ ಇನ್ನೂ ಜಾಸ್ತಿ ದಿನ ಬರುತ್ತದೆ.

ಭಂಗಿ ಹಾಲಿನಲ್ಲಿ ಕೆಸುವಿನ ಗೆಡ್ಡೆ

ಕುಮಾವೂನಿನಲ್ಲಿ ಗಡೇರಿ ಅನ್ನುವ ದಪ್ಪ ಕೆಸುವಿನ ಗೆಡ್ಡೆ ಬೆಳೆಯುತ್ತಾರೆ. ಚಳಿಗಾಲದಲ್ಲಿ ಅದನ್ನು ಭಂಗಿ ಹಾಲಿನಲ್ಲಿ ಬೇಯಿಸುತ್ತಾರೆ. ಬೀಜ ಉಷ್ಣ, ಚಳಿಗೆ ಒಳ್ಳೆಯದು ಅನ್ನುವುದು ಅಲ್ಲಿನವರ ನಂಬಿಕೆ. ಹುರುಳಿಯ ಬಗ್ಗೆ ನಾವೂ ಹೀಗೇ ಹೇಳುತ್ತೇವಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಸಿಗುವ ದಪ್ಪ ಕೆಸುವಿನ ಗೆಡ್ಡೆಯೇ ಇದಕ್ಕೆ ಸಾಕು. ಮೈಸೂರು ಕಡೆಯ ಶ್ಯಾಮೆಗೆಡ್ಡೆಯೂ ಆಗುತ್ತದೆ, ಆದರೆ ಅದು ಲೋಳೆ ಜಾಸ್ತಿ.

ಅರ್ಧ ಕಿಲೋ ಗೆಡ್ಡೆಗೆ 4 ದೊಡ್ಡ ಚಮಚ ಬೀಜ. ಕೈಗೆ ಎಣ್ಣೆ ಸವರಿಕೊಂಡು, ಗೆಡ್ಡೆ ಒಣಗಿರುವಾಗಲೇ ಸಿಪ್ಪೆ ತೆಗೆದು ಹೋಳು ಮಾಡಿ. ಒದ್ದೆ ಗೆಡ್ಡೆ ಮುಟ್ಟಿದರೆ ಕೈ ತುರಿಸುತ್ತದೆ.

ಹುರಿದ ಬೀಜವನ್ನು ಅರ್ಧ ಲೋಟ ನೀರಿನೊಂದಿಗೆ ನುಣ್ಣಗೆ ಅರೆಯಿರಿ. ಇನ್ನೊಂದು ಲೋಟ ನೀರು ಬೆರೆಸಿ ಬಟ್ಟೆಯಲ್ಲಿ ಹಿಂಡಿ. ಸಿಪ್ಪೆಗೆ ಮತ್ತೆ ಸ್ವಲ್ಪ ನೀರು ಹಾಕಿ ಇನ್ನೊಮ್ಮೆ ಹಿಂಡಿ. ಬೂದು ಬಿಳಿಯ ಹಾಲು ಸಿಗುತ್ತದೆ. ಪಕ್ಕಕ್ಕಿಡಿ.

ಬಾಣಲೆಯಲ್ಲಿ ಸಾಸಿವೆ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿ, ಉರಿ ತಗ್ಗಿಸಿ. ಆ ಎಣ್ಣೆಯ ಘಾಟು ಒಗ್ಗದವರು ಶೇಂಗಾ ಎಣ್ಣೆ ಹಾಕಿ. ಜೀರಿಗೆ, ಇಂಗು, ಎರಡು ಒಣಮೆಣಸಿನಕಾಯಿ. ಹೋಳು ಹಾಕಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಅರಿಶಿನ, ಕೊತ್ತಂಬರಿ ಪುಡಿ, ಖಾರದ ಪುಡಿ, ಉಪ್ಪು. ಬಿಸಿನೀರು ಹಾಕಿ ಮುಚ್ಚಿ, ಗೆಡ್ಡೆ ಪೂರ್ತಿ ಮೆತ್ತಗಾಗಲಿ. ಅರೆಬೆಂದ ಗೆಡ್ಡೆ ಗಂಟಲು ಕೆರೆಯುತ್ತದೆ, ಅವಸರ ಬೇಡ.

ಈಗ ಉರಿ ಸಣ್ಣ ಮಾಡಿ ಭಂಗಿ ಹಾಲು ಸುರಿಯಿರಿ. ಹಾಕಿದ ಮೇಲೆ ಸೌಟು ಆಡಿಸುತ್ತಲೇ ಇರಿ. ಈ ಹಾಲಿನ ಪ್ರೊಟೀನು ಬಿಸಿಗೆ ಹೆಪ್ಪುಗಟ್ಟುತ್ತದೆ. ಹುಳಿ ಬೇಕಿಲ್ಲ, ಬರೀ ಕಾವಿಗೇ ಸಣ್ಣ ಸಣ್ಣ ಕಣವಾಗುತ್ತದೆ. ಹಾಲು ಒಡೆಯಿತು ಅಂತ ಬೇಸರ ಮಾಡಿಕೊಳ್ಳಬೇಡಿ, ಅದರ ಗುಣವೇ ಅದು. ಆಡಿಸುತ್ತಿದ್ದರೆ ಕಣ ನಯವಾಗಿರುತ್ತದೆ, ರಸ ಗಟ್ಟಿಯಾಗಿ ಹೋಳಿಗೆ ಅಂಟಿಕೊಳ್ಳುತ್ತದೆ. ಬಿಟ್ಟರೆ ಗಂಟಾಗುತ್ತದೆ, ಉಕ್ಕಿಯೂ ಚೆಲ್ಲುತ್ತದೆ. ಎಂಟು ಹತ್ತು ನಿಮಿಷ ಕುದಿಸಿ ಇಳಿಸಿ. ನಿಂಬೆ ಬೇಕಾದವರು ತಟ್ಟೆಯಲ್ಲಿ ಹಿಂಡಿಕೊಳ್ಳಲಿ. ಅನ್ನಕ್ಕೂ ಸರಿ, ಮುದ್ದೆಗೂ ಸರಿ.

ಚಕ್ಕೋತದ ಸನಾ

ಬೆಟ್ಟದಲ್ಲಿ ದಪ್ಪ ಸಿಪ್ಪೆಯ ದೊಡ್ಡ ನಿಂಬೆಹಣ್ಣು ಬೆಳೆಯುತ್ತದೆ. ಚಳಿಗಾಲದ ಬಿಸಿಲಲ್ಲಿ ಹೆಂಗಸರು ಕೂತು ಅದರ ತೊಳೆ ಬಿಡಿಸಿ, ಮೊಸರು, ಭಂಗಿ ಬೀಜದ ಅರಪ್ಪು, ಮೂಲಂಗಿ ಹಾಕಿ ಕಲಸುತ್ತಾರೆ. ಸನಾ ಹುವಾ ನಿಂಬು, ಅಂದರೆ ಕಲಸಿದ ನಿಂಬೆ ಅಂತ ಹೆಸರು. ಹುಳಿ, ಸಿಹಿ, ಖಾರ, ಉಪ್ಪು ಎಲ್ಲ ಒಟ್ಟಿಗೆ. ನಮ್ಮಲ್ಲಿ ಆ ನಿಂಬೆ ಸಿಗುವುದಿಲ್ಲ, ಚಕ್ಕೋತ ಇದೆಯಲ್ಲ. ದೇವನಹಳ್ಳಿ ಚಕ್ಕೋತ ಸಿಕ್ಕರಂತೂ ಕೇಳುವುದೇ ಬೇಡ.

ಬಿಡಿಸಿದ ತೊಳೆ ಎರಡು ಬಟ್ಟಲು. ಬಿಳಿ ಪೊರೆ ಪೂರ್ತಿ ತೆಗೆಯಿರಿ, ಕಹಿ ಅಲ್ಲಿದೆ. ಒಂದು ಎಳೆ ಮೂಲಂಗಿಯನ್ನು ಕಡ್ಡಿಯ ಹಾಗೆ ಹೆಚ್ಚಿ. ಗಟ್ಟಿ ಮೊಸರು ಒಂದು ಬಟ್ಟಲು. ಹುರಿದ ಬೀಜದ ಜರಡಿ ಹಿಡಿದ ಪುಡಿ 3 ಚಮಚ, ಅದರ ಜೊತೆ ಅರೆದ ಹಸಿಮೆಣಸು, ಕೊತ್ತಂಬರಿ ಸೊಪ್ಪು, ಉಪ್ಪು. ಬೆಲ್ಲದ ಪುಡಿ 2 ಚಮಚ. ಎಲ್ಲ ಕೈಯಲ್ಲೇ ಕಲಸಿ. ಚಕ್ಕೋತ ನಿಂಬೆಯಷ್ಟು ಹುಳಿ ಅಲ್ಲ, ಆದ್ದರಿಂದ ಅರ್ಧ ನಿಂಬೆಹಣ್ಣು ಹಿಂಡಿ. ಕೂಡಲೇ ತಿನ್ನಬೇಕು, ಬಿಟ್ಟರೆ ನೀರೊಡೆಯುತ್ತದೆ.

ಎಷ್ಟು ತಿನ್ನಬಹುದು, ಹೇಗೆ ಇಡಬೇಕು

ಇಡೀ ಬೀಜದಲ್ಲಿ ನಾಲ್ಕನೇ ಒಂದು ಭಾಗದಷ್ಟು ಪ್ರೊಟೀನ್ ಇದೆ. ಒಮೆಗಾ 6, ಒಮೆಗಾ 3 ಎರಡೂ ಕೊಬ್ಬುಗಳಿವೆ. ಚೆನ್ನಾಗಿದೆ, ನಿಜ. ಆದರೆ ದಿನಕ್ಕೆ ಒಂದೆರಡು ಚಮಚ ತಿನ್ನುವ ಪದಾರ್ಥದಿಂದ ಆರೋಗ್ಯವೇ ಬದಲಾಗುತ್ತದೆ ಅನ್ನುವ ಜಾಹೀರಾತನ್ನು ನಂಬುವುದು ಬೇಡ. ಬೆಟ್ಟದವರು ರುಚಿಗೆ ತಿಂದರು. ನಾವೂ ಅಷ್ಟೇ ಮಾಡೋಣ.

ಮೊದಲ ಸಲ ಒಂದು ಚಮಚದಿಂದ ಶುರು ಮಾಡಿ. ಎಣ್ಣೆ, ನಾರು ಎರಡೂ ಇರುವುದರಿಂದ ಒಮ್ಮೆಗೇ ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗಬಹುದು. ಬೇರೆ ಬೀಜಗಳ ಅಲರ್ಜಿ ಇರುವವರು ಜೋಪಾನ. ಗರ್ಭಿಣಿಯರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ಡೋಪಿಂಗ್ ಪರೀಕ್ಷೆಗೆ ಒಳಗಾಗುವ ಕ್ರೀಡಾಪಟುಗಳು ದೂರ ಇರುವುದೇ ಕ್ಷೇಮ, ಸಿಪ್ಪೆಯ ಮೇಲಿನ ಚೂರೂ ತಲೆನೋವಾಗಬಹುದು.

ಇಡೀ ಬೀಜ ಗಾಳಿಯಾಡದ ಡಬ್ಬಿಯಲ್ಲಿ, ತಂಪು ಕತ್ತಲಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹುರಿದು ಪುಡಿ ಮಾಡಿದ ಮೇಲೆ ಎಣ್ಣೆ ಬೇಗ ಕಮಟುತ್ತದೆ. ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ. ಬಣ್ಣದ ಡಬ್ಬಿ ತೆರೆದಂಥ ವಾಸನೆ ಬಂದರೆ ಎಸೆಯಿರಿ. ಬೀಜದ ಎಣ್ಣೆ ಕೊಂಡವರು ಅದರಲ್ಲಿ ಕರಿಯಬೇಡಿ, ಹೆಚ್ಚು ಕಾವು ಅದಕ್ಕೆ ಆಗದು. ಚಟ್ನಿಪುಡಿಯ ಮೇಲೆ ಹಸಿಯಾಗೇ ಬಿಟ್ಟುಕೊಳ್ಳಿ.

ನಮ್ಮ ಅಡುಗೆಗೆ ಬೆರೆಸುವಾಗ

ಗುರೆಳ್ಳು (ಹುಚ್ಚೆಳ್ಳು) ಚಟ್ನಿಪುಡಿ ಮಾಡುವಾಗ ಗುರೆಳ್ಳಿನ ಕಾಲು ಭಾಗ ತೆಗೆದು ಅಷ್ಟು ಭಂಗಿ ಬೀಜ ಹಾಕಿ ನೋಡಿ. ಗುರೆಳ್ಳಿನ ಘಾಟು ಸ್ವಲ್ಪ ತಗ್ಗುತ್ತದೆ, ಪುಡಿಗೆ ಒಂದು ಕೊಬ್ಬಿನ ಮೈ ಬರುತ್ತದೆ. ಜೋಳದ ರೊಟ್ಟಿ, ಮೊಸರಿನ ಜೊತೆ ಸೊಗಸು. ಅಗಸೆ ಚಟ್ನಿಪುಡಿಗೆ ಅರ್ಧಕ್ಕರ್ಧ ಹಾಕಬಹುದು. ಎರಡನ್ನೂ ಬೇರೆ ಬೇರೆ ಹುರಿಯಿರಿ, ಅಗಸೆ ಬೇಗ ಸಿಡಿಯುತ್ತದೆ. ಹುಚ್ಚೆಳ್ಳು ಪುಡಿ ಉದುರಿಸುವ ಬದನೆಕಾಯಿ ಪಲ್ಯ, ಹೀರೇಕಾಯಿ ಪಲ್ಯಕ್ಕೂ ಇದು ಹೊಂದುತ್ತದೆ. ಹುರುಳಿ ಸಾರಿಗೆ ಮಸಾಲೆ ಅರೆಯುವಾಗ ತೆಂಗಿನಕಾಯಿ ಕಡಿಮೆ ಮಾಡಿ ಎರಡು ಚಮಚ ಭಂಗಿ ಬೀಜ ಹಾಕಿದರೆ ಸಾರು ಗಟ್ಟಿಯಾಗುತ್ತದೆ. ತೆಂಗಿನಕಾಯಿ ಪೂರ್ತಿ ಹಾಕಿ ಮೇಲೆ ಇದನ್ನೂ ಹಾಕಿದರೆ ಮಾತ್ರ ಬರೀ ಜಿಡ್ಡು.

ಹುಣಸೆಹಣ್ಣು ಇದಕ್ಕೆ ಅಷ್ಟಾಗಿ ಸೇರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೀಜದ ಮೆಲುವಾದ ಘಮ ಹುಣಸೆಯ ಕೆಳಗೆ ಮುಚ್ಚಿಹೋಗುತ್ತದೆ. ನಿಂಬೆ, ಮಾವಿನಕಾಯಿ, ಮೊಸರು ವಾಸಿ.

ಹೊರದೇಶದಲ್ಲಿರುವವರಿಗೆ ಎರಡು ಮಾತು. ಇಲ್ಲಿಂದ ಬೀಜ ಕಟ್ಟಿಕೊಂಡು ಹೋಗಬೇಡಿ. ಗಸಗಸೆಗೇ ಗಲ್ಫ್ ದೇಶಗಳಲ್ಲಿ ಜನ ಸಿಕ್ಕಿಬಿದ್ದಿದ್ದಾರೆ, ಇದರ ಹೆಸರು ಕೇಳಿದರೆ ಇನ್ನೇನಾದೀತು. ಅಮೆರಿಕ, ಕೆನಡಾದಲ್ಲಿರುವವರಿಗೆ ಸೂಪರ್‌ಮಾರ್ಕೆಟ್‌ನಲ್ಲೇ ಸಿಪ್ಪೆ ತೆಗೆದ ತಿರುಳು ಸಿಗುತ್ತದೆ. ಅದರಲ್ಲಿ ಚಟ್ನಿ ಮಾಡುವುದಾದರೆ ಸಣ್ಣ ಉರಿಯಲ್ಲಿ ಒಂದೇ ನಿಮಿಷ ಬೆಚ್ಚಗೆ ಮಾಡಿ, ಜಾಸ್ತಿ ತಡೆಯುವುದಿಲ್ಲ. ಸಿಪ್ಪೆಯ ರುಚಿಗೆ ಬದಲಾಗಿ ಮೂರು ಚಮಚ ತಿರುಳಿಗೆ ಒಂದು ಚಮಚ ಕರಿ ಎಳ್ಳನ್ನು ಚೆನ್ನಾಗಿ ಹುರಿದು ಸೇರಿಸಿ. ಜರಡಿ ಹಿಡಿಯುವ ಕೆಲಸವೂ ಉಳಿಯುತ್ತದೆ. ನೀರನ್ನು ಮಾತ್ರ ಅರ್ಧಕ್ಕೆ ಇಳಿಸಿ, ತಿರುಳಿಗೆ ಇಡೀ ಬೀಜದಷ್ಟು ನೀರು ಹಿಡಿಸುವುದಿಲ್ಲ.